ಮೊದಲ ಕೌದಿ: ಯಂತ್ರದಲ್ಲೋ, ಕೈಯಲ್ಲೋ?

ಹೊಸದಾಗಿ ಕೌದಿಗೆ ಕೈ ಹಾಕುವವರ ಮುಂದೆ ಎರಡು ದಾರಿಗಳಿವೆ. ಬಟ್ಟೆಯನ್ನು ಅಳತೆಗೆ ಕತ್ತರಿಸಿ, ಯಂತ್ರದಲ್ಲಿ ಜೋಡಿಸಿ, ನಡುವೆ ಪಾಲಿಯೆಸ್ಟರ್ ಹಾಳೆ ಇಟ್ಟು, ಅಂಚಿಗೆ ಪಟ್ಟಿ ಕಟ್ಟುವ ಅಮೆರಿಕದ ಕ್ವಿಲ್ಟ್ ಪದ್ಧತಿ ಒಂದು. ಹಳೆಯ ಸೀರೆಗಳನ್ನು ಪದರವಾಗಿ ಹಾಸಿ, ಮೇಲೆ ತುಂಡುಗಳನ್ನಿಟ್ಟು ಕೈಯಲ್ಲೇ ಹೊಲಿಯುವ ನಮ್ಮ ಪದ್ಧತಿ ಇನ್ನೊಂದು. ಎರಡನ್ನೂ ಮಗುವಿಗೆ ಹೊದಿಸುವ ಅಳತೆಯಲ್ಲಿ, ಗಜದುದ್ದ ಗಜದಗಲ, ಮಾಡಿ ನೋಡಿದ್ದೇನೆ. ಹೊಸಬರಿಗೆ ಕೈಹೊಲಿಗೆಯೇ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಅಂಚಿನ ವಿಷಯದಲ್ಲಿ ಮಾತ್ರ ಕ್ವಿಲ್ಟ್‌ಗೇ ನನ್ನ ಮತ.

ಯಂತ್ರದ ಜೋಡಣೆಯಲ್ಲಿ ಹೊಲಿಗೆಯ ಆಚೆ ಕಾಲು ಅಂಗುಲ ಬಟ್ಟೆ ಬಿಡಬೇಕು, ಅದು ಎಲ್ಲ ಕಡೆಯೂ ಒಂದೇ ಸಮ ಇರಬೇಕು. ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚು ಹಿಡಿದರೂ ಅದು ಎರಡೂ ತುಂಡುಗಳಿಂದ ಕಳೆದುಹೋಗುತ್ತದೆ. 8 ಹೊಲಿಗೆ ದಾಟುವಷ್ಟರಲ್ಲಿ ಸಾಲು ಒಂದು ಅಂಗುಲ ಗಿಡ್ಡವಾಗಿರುತ್ತದೆ, ಪಕ್ಕದ ಸಾಲಿನ ಮೂಲೆಗೆ ಇದರ ಮೂಲೆ ಸೇರುವುದೇ ಇಲ್ಲ. ಒಂದು ಸಾಲಿನ ಒಳ ಅಂಚುಗಳನ್ನು ಎಡಕ್ಕೂ ಮುಂದಿನ ಸಾಲಿನದನ್ನು ಬಲಕ್ಕೂ ಮಲಗಿಸಿ ಇಸ್ತ್ರಿ ಮಾಡಿದರೆ ಸಂದಿಗಳು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಹಾಗಾಗಿ ಯಂತ್ರದಷ್ಟೇ ಇಸ್ತ್ರಿಪೆಟ್ಟಿಗೆಯೂ ಬೇಕು. ಕೆಲಸ ಬೇಗ ಸಾಗುವುದು ನಿಜ. ಆದರೆ ಅಳತೆಯ ಶಿಸ್ತು ಮೊದಲ ದಿನದಿಂದಲೇ ಬೇಕು.

ಕೈಹೊಲಿಗೆಗೆ ನಾನು ಅನುಸರಿಸಿದ್ದು ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕವಂದಿಯ, ಅಂದರೆ ಅವರ ಕೌದಿಯ, ಕ್ರಮ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನಗುಂಟ ಸುತ್ತುತ್ತ ನಡುವಿನ ಕಡೆಗೆ ಹೊಲಿಯುತ್ತ ಹೋಗುವುದು. ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಅಕ್ಕಿಕಾಳಿನಷ್ಟು ಉದ್ದದ ಹೊಲಿಗೆ ಹಾಕುತ್ತ ಸಾಗಬೇಕು. ಹಿಂದಿನ ತುಂಡಿನ ಮಡಚದೆ ಉಳಿದ ಅಂಚನ್ನು ಮುಂದಿನದರ ಮಡಿಕೆ ಮುಚ್ಚುತ್ತದೆ. ಸೂಜಿ ಪ್ರತಿ ಸಲವೂ ಎಲ್ಲ ಪದರಗಳನ್ನೂ ದಾಟುವುದರಿಂದ ಜೋಡಣೆ, ಪದರ ಸೇರಿಸುವುದು, ಅಲಂಕಾರ ಮೂರೂ ಒಂದೇ ಹೊಲಿಗೆಯಲ್ಲಿ ಮುಗಿಯುತ್ತವೆ. ತುಂಡು ಚೌಕವಾಗಿರಬೇಕೆಂದೇನೂ ಇಲ್ಲ. ಜಾಗ ಉಳಿದಲ್ಲಿ ಇನ್ನೊಂದು ಚೂರು ಇಟ್ಟರಾಯಿತು. ಮೂಲೆಗಳಲ್ಲಿ ಸಿದ್ದಿಯರು ಬಣ್ಣದ ಬಟ್ಟೆಯನ್ನು ಮುಕ್ಕೋನವಾಗಿ ಮಡಚಿ ಹೂವಿನಂತೆ ಕೂರಿಸುತ್ತಾರೆ. ಅದನ್ನು ಹೊಲಿದಾಗಿನ ಸಂತೋಷವೇ ಬೇರೆ!

ಇದಕ್ಕೆ ವಾರಗಟ್ಟಲೆ ಸಮಯ ಬೇಕು. ಬೆರಳೂ ನೋಯುತ್ತದೆ. ತೆಳುವಾದ ಹತ್ತಿ ಸೀರೆಯ ಮೂರ್ನಾಲ್ಕು ಪದರವಾದರೆ ಸೂಜಿ ಸಲೀಸಾಗಿ ಇಳಿಯುತ್ತದೆ. ಜೀನ್ಸ್ ಅಥವಾ ದಪ್ಪ ಹೊದಿಕೆಯ ಬಟ್ಟೆ ಒಳಗಿದ್ದರೆ ಕೈ ಸೋಲುತ್ತದೆ.

ಒಳಗಿನ ಪದರಕ್ಕೂ ಸೀರೆಯೇ ನನಗೆ ಹಿಡಿಸಿದ್ದು. ಪಾಲಿಯೆಸ್ಟರ್ ಹಾಳೆ ಹಗುರ, ಉಬ್ಬಿಕೊಂಡು ಚೆನ್ನಾಗಿ ಕಾಣುತ್ತದೆ, ಬೇಗ ಒಣಗುತ್ತದೆ. ಆದರೆ ನಮ್ಮ ಸೆಕೆಗೆ ಮಗುವಿನ ಬೆನ್ನು ಬೆವರುತ್ತದೆ. ಹಳೆಯ ಹತ್ತಿ ಸೀರೆ ಒಗೆದು ಒಗೆದು ಕುಗ್ಗುವಷ್ಟು ಕುಗ್ಗಿ, ಬಿಡುವ ಬಣ್ಣವನ್ನೆಲ್ಲ ಬಿಟ್ಟು ಮೆತ್ತಗಾಗಿರುತ್ತದೆ. ಹೊಸ ಬಟ್ಟೆಯನ್ನಾದರೆ ಮೊದಲೇ ನೆನೆಸಿ ಒಣಗಿಸದೆ ಕತ್ತರಿಸಬಾರದು. ಒದ್ದೆಯಾದ ಕೌದಿ ಭಾರವಾಗುತ್ತದೆ, ಅದೊಂದು ತೊಂದರೆ.

ಇನ್ನು ಅಂಚು. ಕವಂದಿಯ ಅಂಚು ಆರಂಭದಲ್ಲೇ ಮುಗಿದಿರುತ್ತದೆ: ತಳದ ಬಟ್ಟೆಯನ್ನೂ ಮೇಲಿನ ತುಂಡನ್ನೂ ಎದುರುಬದುರಾಗಿ ಒಳಕ್ಕೆ ಮಡಚಿ ಹೊಲಿಯುವುದು. ನೋಡಲು ಚೆಂದ. ಆದರೆ ಹೊದಿಕೆ ಮೊದಲು ಸವೆಯುವುದು ಅಂಚಿನಲ್ಲೇ, ಅಲ್ಲಿ ಬಟ್ಟೆ ಹರಿದರೆ ತುಂಡುಗಳೇ ಸಡಿಲವಾಗುತ್ತವೆ. ಕ್ವಿಲ್ಟ್‌ನಲ್ಲಿ ಎರಡೂವರೆ ಅಂಗುಲದ ಪಟ್ಟಿಯನ್ನು ಉದ್ದಕ್ಕೆ ಮಡಚಿ ಜೋಡಿ ಪದರ ಮಾಡಿ ಕಟ್ಟುತ್ತಾರೆ. ಸವೆದರೆ ಬಿಚ್ಚಿ ಬೇರೆ ಪಟ್ಟಿ ಹಾಕಬಹುದು. ಮೂಲೆ ಬರಲು ಕಾಲು ಅಂಗುಲವಿರುವಾಗ ಹೊಲಿಗೆ ನಿಲ್ಲಿಸಿ, ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಚಿ, ಮತ್ತೆ ನೇರ ಕೆಳಕ್ಕೆ ಇಳಿಸಿ ಮುಂದುವರಿಸಿದರೆ ಮೂಲೆ ಚೂಪಾಗಿ ಕೂರುತ್ತದೆ.

ಎರಡನ್ನೂ ಸೇರಿಸಿಯೂ ಹೊಲಿಯಬಹುದು. ಹೊರ ಅಂಚನ್ನು ಒಳಕ್ಕೆ ಮಡಚದೆ ಹಾಗೆಯೇ ಬಿಟ್ಟು, ಅರ್ಧ ಅಂಗುಲ ಒಳಗಿನಿಂದ ಕವಂದಿಯಂತೆ ಹೊಲಿಯುತ್ತ ನಡುವಿಗೆ ಬನ್ನಿ. ಕೊನೆಗೆ ನಾಲ್ಕೂ ಬದಿ ನೇರಕ್ಕೆ ಕತ್ತರಿಸಿ ಪಟ್ಟಿ ಕಟ್ಟಿ.