ಹಳೆಯ ಊಟದ ಬೋಗಿಯ ಒಳಗೋಡೆಗೆ ವೆನೀರ್ ಹಾಕೋದಾ, ಫಾರ್ಮಿಕಾನಾ?

ನೀವು ಕೇಳಿದ್ದು ಬ್ರಿಟಿಷ್ ರೈಲ್ವೇಸ್‌ನ ಮಾರ್ಕ್ 1 ಬೋಗಿ ಬಗ್ಗೆ. ಈ ಮಾದರಿ ಬಂದಿದ್ದು 1951ರಲ್ಲಿ. ನಿಮ್ಮದು ಯಾವ ಕಾಲದ್ದು ಅಂತ ಮೊದಲು ನೋಡಿಕೊಳ್ಳಿ. ಶುರುವಿನ ಬೋಗಿಗಳಲ್ಲಿ ಮರದ ವೆನೀರ್, ಅಂದರೆ ಹಲಗೆಗೆ ಅಂಟಿಸುವ ತೆಳು ಮರದ ಪದರ ಇತ್ತು. ಯಾವ ಮರ, ಎಲ್ಲಿಯದು ಎಂದು ತಿಳಿಸುವ ಪುಟ್ಟ ಚೀಟಿಯೂ ಕೆಲವು ಗೋಡೆಗಳ ಮೇಲಿರುತ್ತಿತ್ತು. ಫಾರ್ಮಿಕಾ, ಅಂದರೆ ಪ್ಲಾಸ್ಟಿಕ್ ಥರದ ಗಟ್ಟಿ ಲ್ಯಾಮಿನೇಟ್ ಹಾಳೆ, ಜಾಸ್ತಿಯಾದದ್ದು ಆಮೇಲೆ. ಅದನ್ನು ಸುಮ್ನೆ ಅಗ್ಗದ ಮಾಲು ಅನ್ನಬೇಡಿ, ಅದೂ ಆ ಕಾಲದ ಚೆಂದವೇ ಅಲ್ವಾ?

ಖರ್ಚು ವೆನೀರ್‌ಗೇ ಜಾಸ್ತಿ, ಪಳಗಿದ ಕೈಯೂ ಬೇಕು.

ಬಾಳಿಕೆ ವಿಷಯ ಅಷ್ಟು ಸಲೀಸಲ್ಲ. ವೆನೀರ್ ಮೇಲಿನ ಗೀರನ್ನು ಪಾಲಿಶ್ ಹಾಕಿ ಮುಚ್ಚಬಹುದು. ಆದರೆ ಪದರ ತೆಳು, ಜಾಸ್ತಿ ಉಜ್ಜಿದರೆ ಒಳಗಿನ ಹಲಗೆ ಕಾಣುತ್ತದೆ. ಕಿಟಕಿ ಸೋರಿದರೆ ಅದರ ಕೆಳಗಿನ ವೆನೀರ್ ಅಂಚು ಕಪ್ಪಾಗಿ ಎದ್ದುಬರುತ್ತದೆ. ಫಾರ್ಮಿಕಾಗೆ ಜಿಡ್ಡು, ಟೀ ಕಲೆ ಲೆಕ್ಕಕ್ಕಿಲ್ಲ, ಒದ್ದೆ ಬಟ್ಟೆ ಸಾಕು. ಚಕ್ಕೆ ಎದ್ದರೆ ಮಾತ್ರ ಹಾಳೆಯನ್ನೇ ಬದಲಿಸಬೇಕು, ಹಳೆಯ ಡಿಸೈನ್ ಹುಡುಕುವುದೇ ಕಷ್ಟ.

ಓಡುವ ಬೋಗಿಯಲ್ಲಿ ಊಟ ಬಡಿಸುತ್ತೀರಾದರೆ ಅಡುಗೆಮನೆ ಕಡೆಗೂ ಮೇಜುಗಳಿಗೂ ಫಾರ್ಮಿಕಾ ಒಳ್ಳೆಯದು. ನಿಲ್ಲಿಸಿ ತೋರಿಸುವುದಕ್ಕಾದರೆ ಮೊದಲು ಏನಿತ್ತೋ ಅದನ್ನೇ ಹಾಕಿ. ಮೂಲ ವೆನೀರ್ ಅರ್ಧ ಉಳಿದಿದ್ದರೂ ಕೀಳಬೇಡಿ, ಚೀಟಿಯನ್ನಂತೂ ಮುಟ್ಟಲೇಬೇಡಿ.