ಮೈನ್‌ಕ್ರಾಫ್ಟ್‌ನಲ್ಲಿ ನೀರಿನ ದಂಡೆಗೆ ಕಟ್ಟುತ್ತಿದ್ದೀರಾ? ಮೊದಲು ಬ್ಯಾಕಪ್ ವಿಚಾರಿಸಿ

ಹತ್ತಾರು ಜನ ಸೇರಿ ಬಾಡಿಗೆ ಸರ್ವರ್‌ನಲ್ಲಿ ಮೈನ್‌ಕ್ರಾಫ್ಟ್ (ಬ್ಲಾಕ್ ಜೋಡಿಸಿ ಕಟ್ಟುವ ಆಟ) ಆಡುವವರು, ಅದರಲ್ಲೂ ನದಿ, ಕೆರೆ, ಸಮುದ್ರದ ಪಕ್ಕ ದೊಡ್ಡದೇನಾದರೂ ಕಟ್ಟುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ತಿಂಗಳುಗಟ್ಟಲೆಯ ಕೆಲಸ ಹೋಗಿದೆ, ಇನ್ನು ಸಿಗುವುದಿಲ್ಲ.

ನಾವು ಕಟ್ಟುತ್ತಿದ್ದದ್ದು ಹಂಪಿಯ ಪುರಂದರ ಮಂಟಪ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗೆಲ್ಲ ಮುಳುಗಿ, ನೀರಿಳಿದ ಮೇಲೆ ಮತ್ತೆ ಕಾಣಿಸಿಕೊಳ್ಳುವ ಆ ಕಲ್ಲಿನ ಮಂಟಪವೇ. ಸರ್ವೈವಲ್ ಮೋಡ್ ಆದ್ದರಿಂದ ಒಂದೊಂದು ಕಲ್ಲನ್ನೂ ಅಗೆದೇ ತರಬೇಕಿತ್ತು. ಅಡಿಪಾಯಕ್ಕೆ ನದಿಯೊಳಗೆ ಸುತ್ತಲೂ ಮರಳು ಸುರಿದು ಒಡ್ಡು ಹಾಕಿ, ಒಳಗಿನ ನೀರನ್ನು ಸ್ಪಂಜ್ ಇಟ್ಟು ಹೀರಿಸಿದೆವು. ಆ ಸ್ಪಂಜ್‌ಗಾಗಿ ಸಮುದ್ರದಡಿಯ ಮಾನ್ಯುಮೆಂಟ್‌ಗೆ ಹೋಗಿ ಅದನ್ನು ಕಾಯುವ ಎಲ್ಡರ್ ಗಾರ್ಡಿಯನ್ ಎಂಬ ದೈತ್ಯ ಜೀವಿಗಳ ಜೊತೆ ಹೊಡೆದಾಡಿ ಬಂದಿದ್ದೆವು. ಮಂಟಪದ ಕೆಳಗೆ ನೆಲಮಾಳಿಗೆ, ಅಲ್ಲಿ ಉಗ್ರಾಣ, ಕತ್ತಲಾದರೆ ದೀಪಗಳು ತಾವಾಗಿಯೇ ಹತ್ತುವಂತೆ ರೆಡ್‌ಸ್ಟೋನ್ (ಆಟದೊಳಗಿನ ವಿದ್ಯುತ್ತಿನಂಥದ್ದು) ವೈರಿಂಗ್.

ಸರ್ವರ್ ನಡೆಸುವವರು, ಅಂದರೆ ಅಡ್ಮಿನ್, ಹೊಸಬನೊಬ್ಬನಿಗೆ ಎಲ್ಲೆಡೆ ಕಟ್ಟುವ, ಕೆಡಹುವ ಅನುಮತಿ ಕೊಟ್ಟರು. ಅವನು ಬಂದ ರಾತ್ರಿಯೇ ನಮ್ಮ ಸ್ನಾನಘಟ್ಟದ ಮೆಟ್ಟಿಲುಗಳನ್ನೂ ಅದರಡಿಯ ಕಲ್ಲುಗಳನ್ನೂ ಕಿತ್ತುಕೊಂಡು ಹೋದ. 2018ರ 1.13 ಅಪ್‌ಡೇಟ್ ಬಂದಾಗಿನಿಂದ ಮೆಟ್ಟಿಲು, ಸ್ಲ್ಯಾಬ್, ಬೇಲಿಗಳು ನೀರನ್ನು ತಮ್ಮೊಳಗೇ ಹಿಡಿದಿಟ್ಟುಕೊಳ್ಳುತ್ತವೆ, ಕಿತ್ತರೆ ಆ ಜಾಗದಲ್ಲಿ ಸೋರ್ಸ್ ನೀರು (ಬತ್ತದೆ ಹರಿಯುತ್ತಲೇ ಇರುವ ನೀರು) ಉಳಿಯುತ್ತದೆ. ಅದು ನೇರವಾಗಿ ನೆಲಮಾಳಿಗೆಗೆ ಸುರಿಯಿತು. ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ. ಆದರೆ ಟಾರ್ಚ್, ರೆಡ್‌ಸ್ಟೋನ್ ಪುಡಿ, ರಿಪೀಟರ್, ಲಿವರ್ ಎಲ್ಲ ಕಿತ್ತು ಬಂದು ನೀರಲ್ಲಿ ತೇಲಿದವು. ನೆಲಕ್ಕೆ ಬಿದ್ದ ವಸ್ತು ಐದು ನಿಮಿಷಕ್ಕೆ ಮಾಯ. ದೀಪ ಹೋಗಿ ಕತ್ತಲಾದ ಮೇಲೆ ಒಣಗಿದ್ದ ಕೋಣೆಗಳಲ್ಲಿ ಕ್ರೀಪರ್ ಎಂಬ ಸಿಡಿಯುವ ಜೀವಿಗಳು ಹುಟ್ಟಿಕೊಂಡವು, ಅವುಗಳ ಸ್ಫೋಟಕ್ಕೆ ನದಿ ಕಡೆಯ ಗೋಡೆಯೂ ಬಿರಿಯಿತು.

ಇಷ್ಟಾದರೂ ನಾವು ಧೈರ್ಯಗೆಡಲಿಲ್ಲ. ಯಾರು ಏನು ಕಟ್ಟಿದರು, ಕೆಡಹಿದರು ಎಂದು ದಾಖಲಿಸಿಟ್ಟು, ಬೇಕಾದರೆ ಹಿಂದಿನಂತೆ ಮಾಡಿಕೊಡುವ (ರೋಲ್‌ಬ್ಯಾಕ್) ಕೋರ್‌ಪ್ರೊಟೆಕ್ಟ್ ಎಂಬ ಪ್ಲಗಿನ್ ಸರ್ವರ್‌ನಲ್ಲಿತ್ತು. ‘ಕೋರ್‌ಪ್ರೊಟೆಕ್ಟ್ ಇದೆ, ಏನೇ ಆದರೂ ರೋಲ್‌ಬ್ಯಾಕ್ ಮಾಡಿಕೊಡ್ತೀನಿ’ ಎಂದು ಅಡ್ಮಿನ್ ಮೊದಲಿನಿಂದಲೂ ಹೇಳುತ್ತಿದ್ದರು. ಮಾಡಿಯೂ ಕೊಟ್ಟರು. ಕದ್ದ ಮೆಟ್ಟಿಲುಗಳು ಮರಳಿದವು, ಕೊಚ್ಚಿಹೋದದ್ದು ಮರಳಲಿಲ್ಲ. ಕೋರ್‌ಪ್ರೊಟೆಕ್ಟ್‌ನಲ್ಲಿ ನೀರಿನ ಹರಿವನ್ನು ದಾಖಲಿಸುವ ಒಂದು ಸೆಟ್ಟಿಂಗ್ ಇದೆ, ಹೆಸರು ‘ವಾಟರ್ ಫ್ಲೋ’. ಡಿಸ್ಕ್ ತುಂಬುತ್ತದೆ ಎಂದು ಅವರು ಅದನ್ನು ಆಫ್ ಮಾಡಿಟ್ಟಿದ್ದರು. ನೀರಿನ ಪಕ್ಕ ಕಟ್ಟುವ ನಮಗೆ ಒಂದು ಮಾತೂ ಹೇಳಿರಲಿಲ್ಲ.

ವೈರಿಂಗ್ ಮತ್ತೆ ಎಳೆಯೋಣ ಎಂದು ನಾವು ಸಿದ್ಧರಾಗಿದ್ದೆವು. ಅಷ್ಟರಲ್ಲಿ ಅವರು ಯಾರನ್ನೂ ಕೇಳದೆ ಹಳೆಯ ಬ್ಯಾಕಪ್ ಒಂದನ್ನು ಈಗಿನ ವರ್ಲ್ಡ್ (ನಾವೆಲ್ಲ ಆಡುವ ಇಡೀ ಲೋಕ) ಮೇಲೆಯೇ ಹಾಕಿಬಿಟ್ಟರು. ಲಾಗಿನ್ ಆಗಿ ನೋಡಿದರೆ ಮಂಟಪವೂ ಇಲ್ಲ, ಒಡ್ಡೂ ಇಲ್ಲ, ಖಾಲಿ ನದಿ. ಊರಿನ ಆಚೆ ಬದಿಯಲ್ಲಿ ಬೇರೆಯವರು ಕಟ್ಟಿದ ಮನೆಗಳೂ ಹೋಗಿದ್ದವು. ಅಳಿಸುವ ಮುಂಚೆ ಇದ್ದ ವರ್ಲ್ಡ್‌ನ ಒಂದು ಪ್ರತಿ ತೆಗೆದಿಟ್ಟುಕೊಳ್ಳಲು ಎಷ್ಟು ಹೊತ್ತು ಬೇಕಿತ್ತು? ಬಾಡಿಗೆಗೆ ಎಲ್ಲರೂ ದುಡ್ಡು ಹಾಕುತ್ತಿದ್ದೆವು, ಹೋಸ್ಟಿಂಗ್ ಪ್ಯಾನೆಲ್‌ನ ಪಾಸ್‌ವರ್ಡ್ ಮಾತ್ರ ಅವರೊಬ್ಬರ ಬಳಿ. ಕೇಳಿದ್ದಕ್ಕೆ ‘ಆಟ ತಾನೇ’ ಎಂದರು. ಆ ಮಾತು ನನಗೆ ಇನ್ನೂ ನೋಯುತ್ತದೆ.

ಹೊಸ ಸರ್ವರ್ ಸೇರುವಾಗ ಬ್ಯಾಕಪ್ ಇದೆಯಾ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆ, ಎಷ್ಟು ಪ್ರತಿ ಇಡುತ್ತಾರೆ, ಅದೇ ಮೆಷಿನ್‌ನಲ್ಲೋ ಬೇರೆ ಕಡೆಯೋ, ವರ್ಲ್ಡ್ ಫೈಲ್ ನಮಗೆ ಕೊಡುತ್ತಾರೋ ಇಲ್ಲವೋ, ಎಲ್ಲ ಕೇಳಿ. ನೀರಿನ ಪಕ್ಕದ ಜಾಗವನ್ನು ನದಿಯ ತಳದವರೆಗೂ ಕ್ಲೇಮ್ ಮಾಡಿಸಿ, ಅಂದರೆ ಬೇರೆಯವರು ಮುಟ್ಟದಂತೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇದಕ್ಕಿಂತ ಮುಖ್ಯವಾದದ್ದು ಲಿಟಮ್ಯಾಟಿಕಾ ಎಂಬ ಮಾಡ್ (ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತಂತ್ರಾಂಶ). ಅದನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಹಾಕಿಕೊಂಡರೆ ಸಾಕು, ಅಡ್ಮಿನ್ ಹಂಗಿಲ್ಲದೆ ನಿಮ್ಮ ಕಟ್ಟಡದ ಇಡೀ ನಕಾಶೆಯನ್ನು ಫೈಲ್ ಆಗಿ ಸೇವ್ ಮಾಡಿಕೊಳ್ಳಬಹುದು. ಸರ್ವರ್‌ನ ನಿಯಮದಲ್ಲಿ ಅದಕ್ಕೆ ಅವಕಾಶವಿದೆಯಾ ನೋಡಿಕೊಳ್ಳಿ. ಪೆಟ್ಟಿಗೆಯೊಳಗಿನ ಸಾಮಾನು ಅದರಲ್ಲಿ ಬರುತ್ತದೆಂದು ನಂಬಬೇಡಿ, ಬ್ಲಾಕ್‌ಗಳ ಜೋಡಣೆ ಉಳಿಯುತ್ತದೆ.

ನಮ್ಮ ಜೊತೆಗಿದ್ದ ಕೆಲವರು ಅದೇ ಸರ್ವರ್‌ನಲ್ಲಿ ಮತ್ತೆ ಕಟ್ಟಲು ಶುರು ಮಾಡಿದ್ದಾರೆ. ಇದನ್ನು ಓದುತ್ತಿದ್ದರೆ, ಇವತ್ತು ಲಾಗ್‌ಔಟ್ ಆಗುವ ಮುಂಚೆಯೇ ಒಂದು ಪ್ರತಿ ಸೇವ್ ಮಾಡಿಕೊಳ್ಳಿ. ಅಲ್ಲಿ ವಾಟರ್ ಫ್ಲೋ ಈಗಲೂ ಆಫ್ ಆಗಿಯೇ ಇದೆ.