ಬಾದಾಮಿ ಗುಡ್ಡ, ಸಿಮೆಂಟ್ ಜಾಹೀರಾತು, ಖಣದ ಬುಟ್ಟಾ: 18 ಸಾವಿರದ ಒಂದು ಪೇಂಟಿಂಗ್ ಬಗ್ಗೆ

ಮೊದಲು ವಿವರ ಹೇಳಿಬಿಡುತ್ತೇನೆ. ಕ್ಯಾನ್ವಾಸ್ ಮೇಲೆ ಅಕ್ರಿಲಿಕ್, 4 ಅಡಿ ಅಗಲ, 3 ಅಡಿ ಎತ್ತರ. ಬಾಗಲಕೋಟೆಯ ನವನಗರದಲ್ಲಿ ನಡೆದ ಒಂದು ಸಣ್ಣ ಪ್ರದರ್ಶನದಲ್ಲಿ ಕೊಂಡಿದ್ದು. ಬೆಲೆ 18 ಸಾವಿರ ರೂಪಾಯಿ, ಫ್ರೇಮ್ ಖರ್ಚು ಬೇರೆ. ಬಿಡಿಸಿದವರು ನಮ್ಮ ಜಿಲ್ಲೆಯವರೇ, ಇನ್ನೂ ಚಿಕ್ಕ ವಯಸ್ಸು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುತ್ತಿಲ್ಲ.

ಚಿತ್ರದಲ್ಲಿ ಇರುವುದು ಬಾದಾಮಿ. ಆದರೆ ನೀವು ಅಂದುಕೊಂಡ ಬಾದಾಮಿ ಅಲ್ಲ. ಅಗಸ್ತ್ಯ ತೀರ್ಥ, ಆಚೆ ದಂಡೆಗೆ ಭೂತನಾಥ ಗುಡಿ, ನೀರಲ್ಲಿ ಅದರ ನೆರಳು, ಹಿಂದೆ ಕೆಂಪು ಬಂಡೆ. ಈ ಒಂದೇ ನೋಟವನ್ನು ನಮ್ಮ ಕಡೆಯ ಲಾಡ್ಜ್, ಬ್ಯಾಂಕ್, ದವಾಖಾನೆ ಎಲ್ಲದರ ಗೋಡೆ ಮೇಲೂ ನೋಡಿ ನೋಡಿ ಸಾಕಾಗಿದೆ ಅಲ್ವಾ. ಇಲ್ಲಿ ಕಲಾವಿದ ನಿಂತಿರುವುದು ಕೆರೆ ದಂಡೆಯಲ್ಲಲ್ಲ, ಊರಿಗೆ ಬರುವ ರಸ್ತೆ ಬದಿಯಲ್ಲಿ. ಎದುರಿಗೆ ಜೋಳದ ಹೊಲ. ಎಡಕ್ಕೆ ಒಂದು ಮನೆಯ ಪಕ್ಕದ ಗೋಡೆ, ಗೋಡೆ ತುಂಬಾ ಸಿಮೆಂಟಿನ ಜಾಹೀರಾತು, ಅದರ ಕೆಳಗೆ ಪಂಪ್‌ಸೆಟ್‌ನದು. ಮೇಲೆ ಕರೆಂಟ್ ತಂತಿ. ಇದೆಲ್ಲದರ ಹಿಂದೆ, ಸಂಜೆ ಬಿಸಿಲು ನೇರವಾಗಿ ಬಿದ್ದು ಉರಿಯುತ್ತಿರುವ ಗುಡ್ಡ.

ಆ ಗೋಡೆಯೇ ನನ್ನನ್ನು ನಿಲ್ಲಿಸಿದ್ದು. ಪೇಂಟರ್‌ಗಳು ಬ್ರಷ್‌ನಲ್ಲಿ ಬರೆಯುತ್ತಿದ್ದ ದಪ್ಪ ಕನ್ನಡ ಅಕ್ಷರ, ಪ್ರತಿ ಅಕ್ಷರಕ್ಕೂ ಬಲಗಡೆ ಕಪ್ಪು ನೆರಳು, ಹಳದಿ ಮೇಲೆ ಕಣ್ಣು ಕುಕ್ಕುವ ಗುಲಾಬಿ. ಕ್ಯಾನ್ವಾಸಿನ ಅಂಚು ಶಬ್ದವನ್ನು ಮಧ್ಯಕ್ಕೇ ಕತ್ತರಿಸಿದೆ, ಹಾಗಾಗಿ ಕಾಣುವುದು ‘ಮೆಂಟ್’ ಅಂತ ಮಾತ್ರ. ಇದನ್ನು ಯಾಕೆ ಸೇರಿಸಿದಿರಿ ಅಂತ ಕೇಳಿದೆ. ‘ಗ್ವಾಡಿ ಮ್ಯಾಲಿಂದು ಅಳಿಸಿ ತಗದ್ರ ಅದು ನಮ್ಮೂರು ಹ್ಯಾಂಗ ಆಗತೈತ್ರಿ ಸರ್?’ ಅಂದರು. ಅಷ್ಟೇ ಅವರು ಹೇಳಿದ್ದು. ನನಗೆ ಅಷ್ಟು ಸಾಕಾಯಿತು.

ಜಾಹೀರಾತನ್ನು ಹೀಗೆ ಚಿತ್ರಕ್ಕೆ ತರುವುದು ಪಾಪ್ ಆರ್ಟ್‌ನ ದಾರಿ. ಪಾಪ್ ಆರ್ಟ್ ಅಂದರೆ ಬಣ್ಣ ಜಾಸ್ತಿ ಬಳಿಯುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. 1962ರಲ್ಲಿ ಅಮೆರಿಕದ ಕಲಾವಿದ ಆಂಡಿ ವಾರ್ಹಾಲ್ ಲಾಸ್ ಏಂಜಲಿಸ್‌ನಲ್ಲಿ ಸೂಪ್ ಡಬ್ಬಿಗಳ 32 ಚಿತ್ರಗಳನ್ನು ಅಂಗಡಿಯ ಸಾಮಾನಿನ ಹಾಗೆ ಸಾಲಾಗಿ ಇಟ್ಟಾಗ ಹೇಳಿದ್ದು ಇಷ್ಟೇ: ದಿನಾ ಕಣ್ಣಿಗೆ ಬೀಳುವ ಅಂಗಡಿ ಸಾಮಾನೂ ಚಿತ್ರದ ವಿಷಯವೇ. ಅಲ್ಲಿನ ಇನ್ನೊಬ್ಬ ಕಲಾವಿದ ರಾಯ್ ಲಿಚ್ಟೆನ್‌ಸ್ಟೈನ್ ಕಾಮಿಕ್ಸ್ ಮುದ್ರಣದ ಚುಕ್ಕೆಗಳನ್ನು ದೊಡ್ಡದು ಮಾಡಿ ಬಿಡಿಸಿದರು, ಆಮೇಲೆ ಅದೇ ಚುಕ್ಕೆಗಳಲ್ಲಿ ಸಮುದ್ರ, ಸೂರ್ಯೋದಯ ಅಂತ ನಿಸರ್ಗ ಚಿತ್ರಕ್ಕೂ ಕೈ ಹಾಕಿದರು. ನಮ್ಮಲ್ಲಿ ಬರೋಡಾದ ಭೂಪೇನ್ ಖಖ್ಖರ್ 1972ರಲ್ಲಿ ಒಂದು ವಾಚ್ ರಿಪೇರಿ ಅಂಗಡಿಯನ್ನು ಬೋರ್ಡ್ ಸಮೇತ ಕ್ಯಾನ್ವಾಸಿಗೆ ತಂದರು. ಹೊರಗಿನ ಪಾಪ್ ನಮ್ಮ ಬಜಾರದ ಬಣ್ಣದಲ್ಲಿ ಬಂದರೆ ಹೇಗಿರುತ್ತದೆ ಅಂತ ಅವರ ಆ ಕಾಲದ ಚಿತ್ರ ನೋಡಿದರೆ ಗೊತ್ತಾಗುತ್ತದೆ.

ನಿಸರ್ಗ ಚಿತ್ರದ ವಿಷಯಕ್ಕೆ ಬಂದರೆ ನಮ್ಮದು ಬೇರೆ ದಾರಿ. ಮೈಸೂರು ಕಡೆ ಕೆ. ವೆಂಕಟಪ್ಪನವರು ಊಟಿ, ಕೊಡೈಕೆನಾಲ್‌ನ ಮಂಜು, ಬೆಳಕನ್ನು ಜಲವರ್ಣದಲ್ಲಿ ಹಿಡಿದರು. ನಮ್ಮ ಈ ಭಾಗ 1956ರವರೆಗೂ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು, ಹಾಗಾಗಿ ಚಿತ್ರ ಕಲಿಯುವವರ ಕಣ್ಣೆಲ್ಲ ಮುಂಬೈನ ಕಲಾಶಾಲೆ ಜೆ.ಜೆ. ಸ್ಕೂಲ್ ಕಡೆಗೇ. ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ, ಧಾರವಾಡದಲ್ಲಿ ಡಿ.ವಿ. ಹಾಲಭಾವಿ ಅವರಂಥ ಗುರುಗಳು ಹುಡುಗರನ್ನು ಕೂರಿಸಿಕೊಂಡು ಕಲಿಸಿದರು. ಜಾಗಕ್ಕೇ ಹೋಗು, ಬಿಸಿಲು ನೋಡು, ನೆರಳಿನ ಬಣ್ಣ ನೋಡು, ಆಮೇಲೆ ಬ್ರಷ್ ಹಿಡಿ ಅನ್ನುವ ಶಿಸ್ತು ನಮ್ಮ ಕಡೆಯ ಡ್ರಾಯಿಂಗ್ ಮೇಷ್ಟ್ರುಗಳಲ್ಲಿ ಇವತ್ತಿಗೂ ಇದೆ. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿದ ಆರ್.ಎಂ. ಹಡಪದ ಅವರು ಹುಟ್ಟಿದ್ದೂ ಇದೇ ಬಾದಾಮಿಯಲ್ಲಿ.

ಪಾಪ್, ನಿಸರ್ಗ ಚಿತ್ರ ಇವೆರಡನ್ನೂ ಸುಮ್ನೆ ಪಕ್ಕಪಕ್ಕ ಅಂಟಿಸಿದರೆ ಏನೂ ಆಗುವುದಿಲ್ಲ. ಕಂಪ್ಯೂಟರಿನಲ್ಲಿ ಹಂಪಿ ರಥಕ್ಕೆ ಗುಲಾಬಿ, ಹಸಿರು ತುಂಬಿ ಪಾಪ್ ಅಂತ ಮಾರುವವರು ಬೇಕಾದಷ್ಟು ಇದ್ದಾರೆ. ಈ ಪೇಂಟಿಂಗ್‌ನಲ್ಲಿ ಆಗಿರುವುದು ಬೇರೆ, ಅದನ್ನು ಹತ್ತಿರ ಹೋಗಿಯೇ ನೋಡಬೇಕು. ಜೋಳದ ಹೊಲ ದೂರದಿಂದ ಹಸಿರು ಹೊಲವೇ. ಒಂದು ಮೊಳ ದೂರಕ್ಕೆ ಬಂದರೆ ಅಲ್ಲಿ ಎಲೆಯೂ ಇಲ್ಲ, ತೆನೆಯೂ ಇಲ್ಲ, ಇಡೀ ಹೊಲ ಗುಳೇದಗುಡ್ಡ ಖಣದ, ಅಂದರೆ ಕುಬಸದ ಬಟ್ಟೆಯ ಬುಟ್ಟಾ! ಒಂದೇ ಬುಟ್ಟಾ ಸಾಲು ಸಾಲಾಗಿ, ಅಚ್ಚು ಇಟ್ಟು ಒತ್ತಿದ್ದು. ಕೆಲವು ಕಡೆ ಅಚ್ಚು ಜಾರಿ ಒಂದರ ಮೇಲೆ ಒಂದು ಬಿದ್ದಿದೆ, ಕೆಳಗೆ ಪೆನ್ಸಿಲ್ ಗೆರೆ ಹಾಗೇ ಕಾಣುತ್ತದೆ. ಚಿತ್ರ ಮನೆಗೆ ಬಂದಾಗ ನಮ್ಮವ್ವ ಕನ್ನಡಕ ಏರಿಸಿ ನೋಡಿ, ‘ಇದು ನನ್ನ ಕುಬಸದ ಖಣ ಐತಲ್ಲೋ’ ಅಂದಳು.

ಈಗ ಕೆಲಸಗಾರಿಕೆ ನೋಡಿ. ಲಿಚ್ಟೆನ್‌ಸ್ಟೈನ್ ಚುಕ್ಕೆ ಮುದ್ರಣ ಯಂತ್ರದಿಂದ ಬಂದಿದ್ದು. ಈ ಬುಟ್ಟಾ ಮಗ್ಗದಿಂದ ಬಂದಿದ್ದು, ಅದೂ ಚಿತ್ರದಲ್ಲಿರುವ ಊರಿನ ಪಕ್ಕದ ಊರಿನ ಮಗ್ಗದಿಂದ. ಜೊತೆಗೆ ಬುಟ್ಟಾ ಎಲ್ಲ ಕಡೆ ಒಂದೇ ಅಳತೆಯಲ್ಲಿಲ್ಲ. ಮುಂದೆ ಅಂಗೈ ಅಗಲ, ಹಿಂದೆ ಹೋಗುತ್ತಾ ಹೋಗುತ್ತಾ ಗುಡ್ಡದ ಬುಡದಲ್ಲಿ ಸಾಸಿವೆ ಕಾಳಿನಷ್ಟು. ಬಣ್ಣವೂ ದೂರ ಹೋದಂತೆ ತಿಳಿಯಾಗಿ ನೀಲಿಗೆ ತಿರುಗುತ್ತದೆ. ಇದು ಹಳೇ ನಿಸರ್ಗ ಚಿತ್ರದ ಮೊದಲ ಪಾಠ, ದೂರ ತೋರಿಸುವುದು. ಪಾಪ್‌ನ ಚಪ್ಪಟೆ ವಿನ್ಯಾಸ ಇಟ್ಟುಕೊಂಡೇ ಹೊಲ ಅರ್ಧ ಮೈಲಿ ಉದ್ದ ಕಾಣುವ ಹಾಗೆ ಮಾಡಿದ್ದಾರೆ. ಗುಡ್ಡವೂ ಹಾಗೇ. ಬಾದಾಮಿ ಮರಳುಗಲ್ಲು ಪದರ ಪದರವಾಗಿ ಕೂತಿರುವುದರಿಂದ ಅದನ್ನು ಅಡ್ಡ ಪಟ್ಟಿಗಳಾಗಿ, ಕೇಸರಿ, ಇಟ್ಟಿಗೆ ಕೆಂಪು, ಕಂದು ಅಂತ ಚಪ್ಪಟೆಯಾಗಿ ಬಳಿದರೂ ಸುಳ್ಳು ಅನ್ನಿಸುವುದಿಲ್ಲ. ನೆರಳಿಗೆ ಎಲ್ಲೂ ಕಪ್ಪು ಹಾಕಿಲ್ಲ, ನೇರಳೆ ಹಾಕಿದ್ದಾರೆ. ಸಂಜೆ ಹೋಗಿ ನೋಡಿ, ಅಲ್ಲಿ ನೆರಳು ಇರುವುದೇ ಹಾಗೆ.

ನನಗೆ ಇಂಗ್ಲೆಂಡಿನ ಕಲಾವಿದ ಡೇವಿಡ್ ಹಾಕ್ನಿ 1998ರಲ್ಲಿ ಬಿಡಿಸಿದ ‘ಗ್ಯಾರೋಬಿ ಹಿಲ್’ ನೆನಪಾಯಿತು. ಪಾಪ್ ಕಾಲದಲ್ಲಿ ಹೆಸರು ಮಾಡಿದ ಆತ ಗೆಳೆಯ ಸಾವಿನ ಹಾಸಿಗೆಯಲ್ಲಿದ್ದಾಗ ತನ್ನ ಸ್ವಂತ ಯಾರ್ಕ್‌ಷೈರ್‌ಗೆ ಬಂದು, ಆ ಗೆಳೆಯನನ್ನು ನೋಡಲು ಓಡಾಡಿದ ರಸ್ತೆಗಳನ್ನು, ಹೊಲಗಳನ್ನು ನೆನಪಿನಿಂದ ಬಿಡಿಸಿದ. ಬೋಸ್ಟನ್ ಮ್ಯೂಸಿಯಂನಲ್ಲಿದೆ. ರಸ್ತೆ ನೇರಳೆ, ಹೊಲ ಹಳದಿ ಹಸಿರು. ಬಣ್ಣ ನಿಜದ್ದಲ್ಲ, ಆದರೆ ಇಳಿಜಾರು ನೂರಕ್ಕೆ ನೂರು ನಿಜ. ಈ ಬಾದಾಮಿಯಲ್ಲೂ ನನಗೆ ಸಿಕ್ಕಿದ್ದು ಅದೇ ನಂಬಿಕೆ.

ಇಷ್ಟವಾಗದ್ದೂ ಇದೆ. ಆಕಾಶ ಸೋತಿದೆ. ಒಂದೇ ಕಿತ್ತಳೆ ಬಣ್ಣ ಬಳಿದು ಬಿಟ್ಟಿದ್ದಾರೆ, ಅಷ್ಟು ನೋಡಿ ಬಿಡಿಸಿದ ಗುಡ್ಡದ ಮೇಲೆ ಅದು ರಟ್ಟು ನಿಲ್ಲಿಸಿದ ಹಾಗಿದೆ. ಬಲ ಮೂಲೆಯ ಜೆಸಿಬಿ ಬೇಕಿರಲಿಲ್ಲ. ಜಾಹೀರಾತು ಗೋಡೆ ಆ ಜಾಗದ್ದೇ ಅನ್ನಿಸುತ್ತದೆ, ಜೆಸಿಬಿ ಮಾತ್ರ ‘ನೋಡಿ, ಇದು ಪಾಪ್’ ಅಂತ ಹೇಳಲು ತಂದಿಟ್ಟಂತೆ. ಗುಡ್ಡದ ಅಂಚಿಗೆ ಕಾಮಿಕ್ಸ್ ಥರ ಎಳೆದ ಕಪ್ಪು ಗೆರೆಯೂ ಎರಡು ಕಡೆ ಬೆಳಕನ್ನು ಕೊಂದಿದೆ. ಇದನ್ನೆಲ್ಲ ಅವರಿಗೇ ಹೇಳಿದ್ದೇನೆ. ಆಕಾಶದ ಮಾತು ಒಪ್ಪಿದರು, ಜೆಸಿಬಿ ಬಿಟ್ಟುಕೊಡಲಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಫ್ರೇಮ್ ಅಂಗಡಿಯವರು ಗಾಜು ಹಾಕಿಯೇ ಕೊಡುತ್ತೇವೆ ಅಂತ ಹಠ ಹಿಡಿಯುತ್ತಾರೆ, ಬೇಡ ಅನ್ನಿ. ಕ್ಯಾನ್ವಾಸ್ ಮೇಲಿನ ಅಕ್ರಿಲಿಕ್‌ಗೆ ವಾರ್ನಿಷ್ ಸಾಕು. ಗಾಜಿನಲ್ಲಿ ಟ್ಯೂಬ್‌ಲೈಟ್ ಹೊಳೆದು ಬುಟ್ಟಾ ಕಾಣುವುದೇ ಇಲ್ಲ. ಸುತ್ತ ಬೆರಳಷ್ಟು ಸಂದು ಬಿಟ್ಟು ಸಾದಾ ಮರದ ಚೌಕಟ್ಟು ಹಾಕಿಸಿ. ಇನ್ನೊಂದು, ಆ ಜಾಹೀರಾತಿನ ಗುಲಾಬಿ ಫ್ಲೋರೊಸೆಂಟ್ ಬಣ್ಣ, ಬಿಸಿಲಿಗೆ ಬೇಗ ಮಾಸುತ್ತದೆ. ಕಿಟಕಿ ಎದುರಿನ ಗೋಡೆಗೆ ಹಾಕಬೇಡಿ, ನಮ್ಮ ಬಿಸಿಲು ಗೊತ್ತಲ್ಲ.

18 ಸಾವಿರ ಜಾಸ್ತಿ ಅಂತ ನನಗೆ ಅನ್ನಿಸಿಲ್ಲ. ಅವರು ಇದರದ್ದೇ ಡಿಜಿಟಲ್ ಪ್ರಿಂಟನ್ನು 1,500ಕ್ಕೆ ಕೊಡುತ್ತಾರೆ, ಅದು ಬೇಡ. ನಾಲ್ಕು ಬಣ್ಣದ ಮುದ್ರಣದಲ್ಲಿ ಆ ಗುಲಾಬಿ ಬರುವುದಿಲ್ಲ, ಅಚ್ಚು ಒತ್ತಿದ ಬಣ್ಣದ ದಪ್ಪವೂ ಇರುವುದಿಲ್ಲ. ಅಷ್ಟು ದುಡ್ಡು ಆಗದಿದ್ದರೆ ಅವರು ಬಾದಾಮಿ ರಸ್ತೆಯಲ್ಲೇ ಕೂತು ಮಾಡಿದ ಚಿಕ್ಕ ಜಲವರ್ಣಗಳನ್ನು ಕೇಳಿ ನೋಡಿ, 3 ಸಾವಿರಕ್ಕೆ ಸಿಗುತ್ತವೆ. ಅವುಗಳಲ್ಲಿ ಆಕಾಶ ತುಂಬಾ ಚೆನ್ನಾಗಿದೆ.